ಅಂಚೆಯಮ್ಮನ ನಾಲ್ಕು ಚಕ್ರ

ಊರಿನ ಅರ್ಧ ಮನೆಗಳಿಗೆ ಮೂವತ್ತೊಂದು ವರ್ಷ ನಡೆದೇ ಕಾಗದ ಹಂಚಿದ ಕಾಲುಗಳು ಕಡೆಗೆ ತಮ್ಮ ಮನೆಯ ಹೊಸಿಲು ದಾಟುವುದಕ್ಕೇ ತಕರಾರು ತೆಗೆದವು. ಮೊದಲು ಬಲ ಮಂಡಿ, ಆಮೇಲೆ ಎಡ ಸೊಂಟ. ನಿವೃತ್ತಿಯಾಗಿ ಆರು ವರ್ಷವಾಗಿದ್ದರೂ ಬೀದಿಯವರು ಆಕೆಯನ್ನು ಅಂಚೆಯಮ್ಮ ಅಂತಲೇ ಕರೆಯುತ್ತಿದ್ದರು. ಗೋಡೆ ಹಿಡಿದು ಅಡುಗೆಮನೆಯಿಂದ ಜಗಲಿಗೆ ಬರುವಷ್ಟು ಓಡಾಟ ನಡೆಯುತ್ತಿತ್ತು. ಗೇಟಿನಾಚೆ ಹೋಗಬೇಕೆಂದರೆ ಯಾರದಾದರೂ ತೋಳು ಬೇಕು. ತೋಳು ಕೊಡುವವರಿಗೆ ಪುರುಸೊತ್ತಿರಲಿಲ್ಲ.

ಮಗ ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಪಾಳಿ, ಐದೂವರೆಗೇ ಮನೆ ಬಿಡಬೇಕು. ಸೊಸೆ ಎರಡು ಬೀದಿ ಆಚೆಯ ಬೇಕರಿಯಲ್ಲಿ ಒಂಬತ್ತು ವರ್ಷದಿಂದ ಹಿಟ್ಟು ನಾದುತ್ತಿದ್ದಳು. ಮೊಮ್ಮಗಳಿಗೆ ಏಳು ವರ್ಷ. ಇಟ್ಟ ಹೆಸರು ಶಾಲೆಯ ಪುಸ್ತಕದಲ್ಲಿತ್ತು, ಮನೆಯಲ್ಲಿ ಚೂಟಿ. ಅವಳನ್ನು ಒಂಬತ್ತಕ್ಕೆ ಶಾಲೆಗೆ ಬಿಟ್ಟು ಸೊಸೆ ಅಲ್ಲಿಂದಲೇ ಬೇಕರಿಗೆ ಓಡುವಳು.

ಹೀಗಿರುವಾಗ ಒಂದು ದಿನ ಬೇಕರಿಯ ಯಜಮಾನ ಸೊಸೆಯನ್ನು ಕರೆದು, ಒಲೆ ನೋಡಿಕೊಳ್ಳುವ ಮೇಸ್ತ್ರಿ ಕೆಲಸ ಬಿಡುತ್ತಿದ್ದಾನೆ, ಆ ಜಾಗಕ್ಕೆ ನೀನು ಬಾ, ಆದರೆ ಒಲೆ ಹಚ್ಚುವುದು ಬೆಳಿಗ್ಗೆ ಐದಕ್ಕೆ, ತಿಂಗಳ ಕೊನೆಯೊಳಗೆ ಹೇಳು ಎಂದ.

ಆ ಸಂಜೆ ಊಟದ ಮೇಜಿನ ಮೇಲೆ ಈ ಮಾತು ಬಿತ್ತು.

"ಐದಕ್ಕೆ ನೀನು ಹೋಗಿ, ಐದೂವರೆಗೆ ನಾನು ಹೋದ್ರೆ ಚೂಟಿನ ಸ್ಕೂಲಿಗೆ ಬಿಡೋರು ಯಾರು?" ಮಗ ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತಾ ಕೇಳಿದ.

"ಅದೇ ಯೋಚನೆ," ಎಂದಳು ಸೊಸೆ. "ಒಂಬತ್ತು ವರ್ಷ ಕಾದಿದ್ದು. ಕೈಗೆ ಬಂದ ತುತ್ತು ಬಾಯಿಗೆ ಬರಲ್ವೇನೋ ಅನ್ನಿಸ್ತಿದೆ."

"ನಾನಿದೀನಲ್ಲ," ಎಂದಳು ಅಂಚೆಯಮ್ಮ.

ಇಬ್ಬರ ಕಣ್ಣೂ ಮೇಜಿನ ಕೆಳಗೆ, ಬಟ್ಟೆ ಸುತ್ತಿದ ಆಕೆಯ ಮಂಡಿಯ ಕಡೆ ಹೋಯಿತು.

"ಎಬ್ಬಿಸೋದು, ತಿಂಡಿ ಕೊಡೋದು, ಜಡೆ ಹಾಕೋದು ಈಗಲೂ ನಾನೇ ತಾನೆ? ಉಳಿದದ್ದು ಒಂದು ಮೈಲಿ ದಾರಿ."

"ಆ ಒಂದು ಮೈಲಿ ನೀನು ನಡೀತೀಯಾ ಅಮ್ಮ?"

"ನಡೀತೀನಿ ಅಂದ್ನಾ? ಹೋಗ್ತೀನಿ ಅಂದೆ."

ಆಕೆ ಸುಮ್ಮನೆ ಬಾಯಿಮಾತಿಗೆ ಹೇಳಿರಲಿಲ್ಲ. ತೀರಿಕೊಂಡ ಹೆಡ್‌ಮಾಸ್ತರೊಬ್ಬರ ಮನೆಯ ಶೆಡ್ಡಿನಲ್ಲಿ ಅವರ ಬ್ಯಾಟರಿ ಗಾಡಿ ಧೂಳು ಹಿಡಿದು ಬಿದ್ದಿರುವುದು ಗೊತ್ತಿತ್ತು. ಮರುದಿನ ಫೋನ್ ಮಾಡಿ ತನ್ನ ಉಳಿತಾಯದಲ್ಲೇ ಕೊಂಡಳು. ಮೂರನೇ ದಿನ ಅದು ಸಾಮಾನು ಸಾಗಿಸುವ ವ್ಯಾನಿನಲ್ಲಿ ಬಂದು ಗೇಟಿನೊಳಗೆ ಇಳಿಯಿತು. ನಾಲ್ಕು ಸಣ್ಣ ಚಕ್ರ, ಕೈಯೊರಗು ಇರುವ ಕುರ್ಚಿ, ಮುಂದೆ ತಂತಿಯ ಬುಟ್ಟಿ. ಹ್ಯಾಂಡಲಿನ ಬಲಗಡೆಯ ಹಿಡಿಯನ್ನು ಹೆಬ್ಬೆರಳಿಂದ ಒತ್ತಿದರೆ ಮುಂದಕ್ಕೆ, ಎಡಗಡೆಯದನ್ನು ಒತ್ತಿದರೆ ಹಿಂದಕ್ಕೆ, ಬಿಟ್ಟರೆ ತಾನೇ ನಿಲ್ಲುತ್ತದೆ. ನಡುವೆ ವೇಗದ ಗುಂಡಿ. ಅದರ ಒಂದು ಕೊನೆಗೆ ಆಮೆಯ ಚಿತ್ರ, ಇನ್ನೊಂದು ಕೊನೆಗೆ ಮೊಲದ್ದು.

ಮಗ ಅದರ ಸುತ್ತ ಎರಡು ಸುತ್ತು ಬಂದ. ಮುಖ ಗಂಟಾಗಿತ್ತು.

"ನಾನು ಎಷ್ಟು ಎತ್ತರದಲ್ಲಿ ಕೂರ್ತೀನಿ ಗೊತ್ತೇನಮ್ಮ? ಇದು ನನ್ನ ಬಸ್ಸಿನ ಮೂತಿ ಕೆಳಗೆ ನಿಂತ್ರೆ ನನ್ನ ಕಣ್ಣಿಗೆ ಬೀಳೋದೇ ಇಲ್ಲ."

"ಹಾಗಾದ್ರೆ ನಿನ್ನ ಬಸ್ಸಿನ ಮೂತಿ ಕೆಳಗೆ ನಿಲ್ಲಲ್ಲ ಬಿಡು."

"ತಮಾಷೆ ಅಲ್ಲ."

"ನಾನೂ ತಮಾಷೆ ಮಾಡ್ತಿಲ್ಲ ಕಣೋ. ನೀನು ಹುಟ್ಟೋಕೆ ಮುಂಚಿಂದ ಈ ಬೀದಿಗಳಲ್ಲಿ ಓಡಾಡಿದೋಳು ನಾನು. ಯಾವ ಮನೆ ನಾಯಿ ಕಚ್ಚುತ್ತೆ, ಯಾವುದು ಬರೀ ಬೊಗಳುತ್ತೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ನಂಗೆ ದಾರಿ ಹೇಳಿಕೊಡೋಕೆ ಬರಬೇಡ."

ಮೊದಲ ವಾರ ಸೊಸೆ ಜೊತೆಗೇ ನಡೆದಳು. ಚೂಟಿ ಒಂದು ಕೈಯಲ್ಲಿ ಕುರ್ಚಿಯ ಒರಗನ್ನು ಹಿಡಿದು ಪಕ್ಕದಲ್ಲಿ ಬರುವಳು. ಗಾಡಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಯಿತು. ಗೇಟುಗಳಲ್ಲಿ ನಿಂತವರು, "ಏನು ಅಂಚೆಯಮ್ಮ, ಕಾಗದ ಇದೆಯಾ?" ಎಂದರೆ, "ಇವಳೊಬ್ಬಳೇ ಇರೋದು, ಶಾಲೆ ವಿಳಾಸಕ್ಕೆ," ಎಂದು ಆಕೆ ಚೂಟಿಯನ್ನು ತೋರಿಸುವಳು. ಎರಡನೇ ವಾರ ಸೊಸೆ ಅವರಿಬ್ಬರನ್ನೇ ಕಳಿಸಿದಳು.

ಮನೆಯೊಳಗೆ ಮಾತ್ರ ಜಗಳ ನಿಲ್ಲಲಿಲ್ಲ. ಗಾಡಿಯನ್ನು ಚಾರ್ಜಿಗೆ ಹಾಕುತ್ತಿದ್ದುದು ಮುಂಬಾಗಿಲ ಪಕ್ಕದ ಓಣಿಯಲ್ಲಿ. ಒಂದು ಸಂಜೆ ಮಗ ಡ್ಯೂಟಿ ಮುಗಿಸಿ ಬಂದವನು ವೈರಿಗೆ ಎಡವಿದ. ಬಗ್ಗಿ ನೋಡಿದರೆ ಚಾರ್ಜರಿನ ಡಬ್ಬಿಯ ಮೇಲೆ ಬೇಕರಿಯ ಒದ್ದೆ ಏಪ್ರನ್ನುಗಳು.

"ಯಾರು ಒಣಹಾಕಿದ್ದು ಇದನ್ನ?"

"ನಾನೇ," ಎಂದಳು ಸೊಸೆ. "ಬೆಚ್ಚಗಿತ್ತು, ಬೇಗ ಒಣಗುತ್ತೆ ಅಂತ."

"ಬೆಚ್ಚಗಿರೋದಕ್ಕೇ ಮುಚ್ಚಬಾರದು. ಇದು ಹೊತ್ತಿಕೊಂಡ್ರೆ ನಾವು ಹೊರಗೆ ಓಡೋ ಬಾಗಿಲು ಯಾವುದು? ಇದೇ ತಾನೆ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀಬೇಡ," ಎಂದಳು ಅಂಚೆಯಮ್ಮ. "ನಿಂಗೆ ಕೋಪ ಇರೋದು ಗಾಡಿ ಮೇಲೆ. ಅವಳನ್ನ ಯಾಕೆ ಗದರಿಸ್ತೀಯ?"

ಮಗ ಏಪ್ರನ್ನುಗಳನ್ನು ಕಿತ್ತು ಕುರ್ಚಿಯ ಮೇಲೆ ಹಾಕಿದ.

ಬುಧವಾರ ಅನಾಹುತವಾಯಿತು. ಆ ದಿನ ಅರ್ಧ ದಾರಿಯಲ್ಲಿ ಚೂಟಿಯ ಬೂಟಿನ ಪಟ್ಟಿ ಕಿತ್ತುಹೋಯಿತು. ಹುಡುಗಿ ಕಾಲೆಳೆಯುತ್ತಾ ಬಂದಳು. ಶಾಲೆಯ ಗಂಟೆಗೆ ಎಂಟೇ ನಿಮಿಷ.

"ಅಜ್ಜಿ, ನಾನೂ ಕೂತ್ಕೊಳ್ಲಾ?"

ಅಂಚೆಯಮ್ಮ ಅತ್ತಿತ್ತ ನೋಡಿದಳು. "ಬಾ, ಇವತ್ತೊಂದು ದಿನ."

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ವೇಗದ ಗುಂಡಿಯನ್ನು ಮೊಲದ ಕಡೆಗೆ ಪೂರ್ತಿ ತಿರುಗಿಸಿದಳು. ಎರಡು ತಿರುವು ಸರಿಯಾಗಿಯೇ ಹೋಯಿತು. ಮೂರನೆಯದರಲ್ಲಿ ಫುಟ್‌ಪಾತಿಗೆ ಹತ್ತುವ ಇಳಿಜಾರಿನ ಮುಂದೆ ಕೆಸರು ನಿಂತಿತ್ತು. ಅದನ್ನು ತಪ್ಪಿಸಲು ಆಕೆ ಫುಟ್‌ಪಾತಿನ ಕಲ್ಲಂಚಿನ ಮೇಲೆ ಓರೆಯಾಗಿ ಹತ್ತಿಸಿದಳು. ಒಂದು ಪಕ್ಕದ ಎರಡು ಚಕ್ರ ಮೇಲೆದ್ದವು. ಒಂದು ಕ್ಷಣ ಗಾಡಿ ಹೋಗಲೋ ಬೇಡವೋ ಎಂಬಂತೆ ನಿಂತು ಮಗ್ಗುಲಾಯಿತು.

ಎದುರಿನ ಅಂಗಡಿಗೆ ಬಣ್ಣ ಬಳಿಯುತ್ತಿದ್ದ ಪೇಂಟರ್ ಏಣಿ ಇಳಿದು ಓಡಿಬಂದ. ಮೊದಲು ಮಗುವನ್ನು ಎತ್ತಿದ, ಆಮೇಲೆ ಆಕೆಯನ್ನು, ಆಮೇಲೆ ಗಾಡಿಯನ್ನು. ಆಕೆಯ ಮೈಗೆ ಕೆಸರು ಬಿಟ್ಟರೆ ಇನ್ನೇನೂ ಆಗಿರಲಿಲ್ಲ. ಚೂಟಿಯ ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಹುಡುಗಿ ಅಳಲಿಲ್ಲ; ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

"ನೋಡು ಮರಿ," ಅಂಚೆಯಮ್ಮ ಸೆರಗಿನಿಂದ ರಕ್ತ ಒರೆಸುತ್ತಾ ಹೇಳಿದಳು, "ಶಾಲೇಲಿ ಬಿದ್ದೆ ಅಂತ ಹೇಳು, ಆಯ್ತಾ? ಇಲ್ಲಾಂದ್ರೆ ಅಪ್ಪ ಗಾಡಿ ಕಿತ್ಕೊಳ್ತಾನೆ."

"ಸುಳ್ಳು ಹೇಳಬಾರದು ಅಂತ ನೀನೇ ಅಂತೀಯಲ್ಲ?"

"ಇದೊಂದು ಸಲ."

ಮಗುವನ್ನು ಶಾಲೆಗೆ ಬಿಟ್ಟು ಮನೆಗೆ ಬಂದವಳು ಜಗಲಿಯ ಅಂಚಿನಲ್ಲಿ ಕೂತು, ಒಂದರ ಹಿಂದೆ ಒಂದು ತಂಬಿಗೆ ನೀರು ಸುರಿದು ಗಾಡಿಗೆ ಮೆತ್ತಿದ ಕೆಸರನ್ನೆಲ್ಲ ತೊಳೆದಳು. ಬುಟ್ಟಿಯ ಸೊಟ್ಟವನ್ನು ಕೈಯಿಂದಲೇ ಒತ್ತಿ ಸರಿ ಮಾಡಿದಳು. ಮಧ್ಯಾಹ್ನ ಕೀಲಿ ತಿರುಗಿಸಿ ನೋಡಿದರೆ ಚಾರ್ಜು ತೋರಿಸುವ ದೀಪ ಮಿಣುಕಿ ಮಿಣುಕಿ ಆರಿತು. ಒಣಗಿದರೆ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಮರುದಿನ ದೀಪ ಹತ್ತಿತು, ಆದರೆ ಗಾಡಿ ಜಗ್ಗಿ ಜಗ್ಗಿ ನಡೆಯಿತು. ಮಗುವನ್ನು ಬಿಟ್ಟು ಬರುವಷ್ಟು ಹೊತ್ತೂ ಆಕೆಯ ಜೀವ ಕೈಯಲ್ಲಿತ್ತು.

ತಲೆಗೆ ಹಾಕಿದ ನೀರು ಕಾಲಿಗೆ ಬಂದೇ ಬರುತ್ತದೆ. ಶುಕ್ರವಾರ ಸಂಜೆ ಸೊಸೆ ಮಗಳ ಮೊಣಕೈಗೆ ಕಟ್ಟಿದ ಬಟ್ಟೆ ಬಿಚ್ಚಿದಾಗ ಗಾಯ ಕೆಂಪಗೆ ಊದಿಕೊಂಡಿತ್ತು.

"ಮಗು ಇಷ್ಟು ಜೋರಾಗಿ ಬಿದ್ದಿದೆ, ಒಂದು ಔಷಧಿ ಹಚ್ಚಿಲ್ಲ, ಮನೆಗೊಂದು ಮಾತು ಹೇಳಿಲ್ಲ. ಎಂಥಾ ಮೇಡಮ್ಮು ಅವರು? ಅವರ ಮನೆ ಇಲ್ಲೇ ಹಿಂದಿನ ಬೀದೀಲಿ. ಈಗಲೇ ಹೋಗಿ ಕೇಳ್ತೀನಿ."

ಸೊಸೆ ಚಪ್ಪಲಿ ಮೆಟ್ಟಿದಳು. ಚೂಟಿ ಅಮ್ಮನನ್ನು ನೋಡಲಿಲ್ಲ, ಅಜ್ಜಿಯನ್ನು ನೋಡಿದಳು.

"ನಿಲ್ಲಮ್ಮ," ಎಂದಳು ಅಂಚೆಯಮ್ಮ. "ಮೇಡಮ್ಮಿನ ತಪ್ಪಿಲ್ಲ. ಬೀಳಿಸಿದೋಳು ನಾನು. ಸುಳ್ಳು ಹೇಳು ಅಂದೋಳೂ ನಾನೇ."

ಎಲ್ಲವನ್ನೂ ಹೇಳಿದಳು, ತೊಡೆಯ ಮೇಲೆ ಕೂರಿಸಿಕೊಂಡದ್ದು, ಮೊಲದ ಕಡೆಗೆ ತಿರುಗಿಸಿದ್ದು, ಕೆಸರು ತೊಳೆದದ್ದು. ಮಗ ಒಳಗಿಂದ ಬಂದು ನಿಂತು ಕೇಳಿದ. ಕೇಳಿ ಮುಗಿದ ಮೇಲೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ ಕೀಲಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ.

"ಪಕ್ಕದಲ್ಲಿ ಬಸ್ಸು ಬರ್ತಿದ್ದಿದ್ರೆ?" ಅಷ್ಟೇ ಕೇಳಿದ.

ಸೊಸೆ ಅಡುಗೆಮನೆಗೆ ಹೋಗಿ ಕ್ಯಾರೆಟ್ ಹೆಚ್ಚತೊಡಗಿದಳು. ನಾಲ್ಕು ಜನಕ್ಕಾಗುವಷ್ಟು ಹೆಚ್ಚಿಯಾದ ಮೇಲೂ ಚಾಕುವಿನ ಸದ್ದು ನಿಲ್ಲಲಿಲ್ಲ. ಅಂಚೆಯಮ್ಮ ಗೋಡೆ ಹಿಡಿದು ಬಾಗಿಲಿಗೆ ಬಂದಳು.

"ಬೈದುಬಿಡೇ. ಸುಮ್ಮನಿರಬೇಡ."

"ಬಿದ್ದಿದ್ದಕ್ಕೆ ಬೈಯಲ್ಲ ಅತ್ತೆ. ಯಾರು ಬೇಕಾದ್ರೂ ಬೀಳ್ತಾರೆ. ಮೂರು ದಿನ ನನ್ನ ಮಗಳು ನನ್ನ ಮುಖ ನೋಡಿ ಸುಳ್ಳು ಹೇಳಿದಾಳೆ. ಅದನ್ನ ನೀವು ಕಲಿಸಿದ್ರಿ. ಒಂದು ನಿಮಿಷ ತಡ ಆಗಿದ್ರೆ ನಾನು ಆ ಹೆಂಗಸಿನ ಮನೆ ಬಾಗಿಲಲ್ಲಿ ನಿಂತು ಕೂಗಾಡ್ತಿದ್ದೆ."

 ಆ ಊಟದಲ್ಲಿ ಉಪ್ಪು ಬೇಕಾದವರು ತಾವೇ ಕೈ ಚಾಚಿ ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ಜಡೆ ಹಾಕುವಾಗ ಆಕೆ ಮೊಮ್ಮಗಳಿಗೆ ಹೇಳಿದಳು, "ನಾನು ಮಾಡಿದ್ದು ತಪ್ಪು ಕಣೇ."

"ಎರಡು ತಪ್ಪು," ಎಂದಳು ಚೂಟಿ. "ಸುಳ್ಳು ಒಂದು. ಮೊಲದ ಕಡೆ ತಿರುಗಿಸಿದ್ದು ಒಂದು. ಕೂತ್ಕೊಳ್ಲಾ ಅಂತ ಕೇಳಿದ್ದು ನಾನು, ಅದು ನಂದು."

"ಕೇಳೋದು ತಪ್ಪಲ್ಲ. ಹೂಂ ಅಂದಿದ್ದು ತಪ್ಪು. ಮೂರೂ ನನ್ನ ಲೆಕ್ಕಕ್ಕೇ ಇರಲಿ."

ಭಾನುವಾರ ಸೊಸೆ ಬಟ್ಟೆ ಮಡಿಸುತ್ತಾ, ನಾಳೆ ಯಜಮಾನರಿಗೆ ಆಗುವುದಿಲ್ಲ ಅಂತ ಹೇಳಿಬಿಡುತ್ತೇನೆ ಎಂದಳು. ಅಂಚೆಯಮ್ಮ ತನ್ನ ಪಾಲಿನ ದಿಂಬಿನ ಚೀಲ ಮಡಿಸುವುದನ್ನು ನಿಲ್ಲಿಸಿದಳು.

"ತಿಂಗಳು ಮುಗಿಯೋಕೆ ಇನ್ನೂ ಹತ್ತು ದಿನ ಇದೆ. ಹತ್ತನೇ ದಿನ ಹೇಳು."

"ಅಷ್ಟರಲ್ಲಿ ಏನಾಗುತ್ತೆ?"

"ದಾರಿ ಗೊತ್ತಿತ್ತು, ಗಾಡಿ ಗೊತ್ತಿರ್ಲಿಲ್ಲ. ಎರಡೂ ಒಂದೇ ಅಂದ್ಕೊಂಡು ಹೊರಟೆ. ಈಗ ಕಲೀತೀನಿ. ಕಲಿತ ಮೇಲೂ ನಿನ್ನ ಮನಸ್ಸಿಗೆ ಸರಿ ಬರದಿದ್ರೆ ಅದನ್ನ ನಾನೇ ಮಾರ್ತೀನಿ. ಮತ್ತೆ ಆ ಮಾತು ಎತ್ತಲ್ಲ."

ಸೊಸೆ ಬಹಳ ಹೊತ್ತು ಒಂದೇ ಟವೆಲನ್ನು ಮಡಿಸುತ್ತಿದ್ದಳು. ಆಮೇಲೆ ಎದ್ದು ಹೋಗಿ ಗಂಡನ ಜೇಬಿನಿಂದ ಕೀಲಿ ತೆಗೆದುಕೊಂಡು ಬಂದಳು. "ರಿಪೇರಿಯವರನ್ನ ಕರೆಸೋಕೆ ಮಾತ್ರ," ಎಂದಳು.

ಸೋಮವಾರ ಸಂಜೆ ಬಂದ ಮೆಕ್ಯಾನಿಕ್ ಒಬ್ಬ ಗಟ್ಟಿಮುಟ್ಟಾದ ಹೆಂಗಸು. ಕುರ್ಚಿ ಎತ್ತಿ, ಕೆಳಗಿನ ಮುಚ್ಚಳ ಬಿಚ್ಚಿ, ಒಳಗೆ ಇಣುಕಿ ಕೇಳಿದಳು:

"ಇದಕ್ಕೆ ಸ್ನಾನ ಮಾಡಿಸಿದ್ದು ಯಾರು?"

"ನಾನು," ಎಂದಳು ಅಂಚೆಯಮ್ಮ.

"ಇನ್ನೊಂದು ಸಲ ಮಾಡಿಸಿದ್ರೆ ಅದೇ ಕೊನೇ ಸ್ನಾನ ಅಮ್ಮ. ಒದ್ದೆ ಬಟ್ಟೆ ಹಿಂಡಿ ಒರೆಸಿ, ಸಾಕು. ಮಳೇಲಿ ನೆನೆಸಬೇಡಿ, ನೀರು ನಿಂತ ಕಡೆ ಇಳಿಸಬೇಡಿ. ಇದರ ಪ್ರಾಣ ಎಲ್ಲಾ ಈ ವೈರುಗಳಲ್ಲಿದೆ."

ಬ್ಯಾಟರಿಗಳಿಗೆ ಮೀಟರ್ ಹಿಡಿದು ತಲೆಯಾಡಿಸಿದಳು. "ಎಷ್ಟು ದಿನ ಸುಮ್ಮನೆ ಬಿದ್ದಿತ್ತು?"

"ಒಂದೂವರೆ ವರ್ಷ."

"ಹಸಿವಿಂದ ಸತ್ತಿವೆ. ಓಡಿಸದಿದ್ರೂ ಆಗಾಗ ಚಾರ್ಜ್ ಕೊಡ್ತಿರಬೇಕು. ಎರಡನ್ನೂ ಬದಲಾಯಿಸಬೇಕು, ಒಂದು ಹೊಸದು ಒಂದು ಹಳೇದು ನಡೆಯಲ್ಲ. ಆಮೇಲೆ ಓಡಿಸಿದ ದಿನವೆಲ್ಲ ಚಾರ್ಜಿಗೆ ಹಾಕಿ, ಹಸಿರು ದೀಪ ಬರೋವರೆಗೂ ತೆಗೀಬೇಡಿ."

ಅಂಚೆಯಮ್ಮ ಒಂದೊಂದನ್ನೂ ಕೇಳಿ, ತಿರುಗಿ ಹೇಳಿ, ಮತ್ತೆ ಕೇಳಿದಳು. ಗಾಳಿ ಕಡಿಮೆಯಾದ ಟೈರು ಗಾಡಿಯನ್ನು ಹೇಗೆ ಒಂದು ಪಕ್ಕಕ್ಕೆ ಎಳೆಯುತ್ತದೆ ಅಂತ ಹೆಬ್ಬೆರಳಿನಿಂದ ಒತ್ತಿ ನೋಡಿ ತಿಳಿದುಕೊಂಡಳು. ಹಿಂದಿನ ಸಣ್ಣ ಕೆಂಪು ಲಿವರನ್ನು ಮೆಕ್ಯಾನಿಕ್ ಮುಟ್ಟಿ ತೋರಿಸಿದಳು. "ಇದನ್ನ ಎಳೆದ್ರೆ ಗಾಡೀನ ಕೈಯಲ್ಲಿ ತಳ್ಳಬಹುದು. ಆದ್ರೆ ಬ್ರೇಕು ಇರಲ್ಲ. ನೀವು ಮೇಲೆ ಕೂತಿರುವಾಗ, ಇಳಿಜಾರಲ್ಲಿ, ಯಾರಿಗೂ ಮುಟ್ಟೋಕೆ ಬಿಡಬೇಡಿ."

"ಮತ್ತೆ ಆ ಅಂಚು ಹತ್ತೋದು?"

"ನೆಂಟರ ಮನೆಗೆ ಹೋದ ಹಾಗೆ. ಎದುರು ಬಾಗಿಲಿಂದ ನೇರ ಹೋಗಬೇಕು, ಮಗ್ಗುಲಿಂದ ನುಗ್ಗಬಾರದು. ಇಳಿಜಾರು ಇಲ್ಲದ ಕಡೆ ಹತ್ತಲೇಬೇಡಿ. ತಿರುಗುವಾಗ ಆಮೆ. ನಿಂತ ತಕ್ಷಣ ಕೀಲಿ ಆರಿಸಿ. ಮತ್ತೆ ಇಲ್ಲಿ ಬರೆದಿದೆ ನೋಡಿ, ಒಬ್ಬರಿಗೆ ಮಾತ್ರ. ಮೊಮ್ಮಕ್ಕಳು ಲೆಕ್ಕಕ್ಕಿಲ್ಲ ಅಂತ ಎಲ್ಲೂ ಬರೆದಿಲ್ಲ."

ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಮೂರು ದಿನದಲ್ಲಿ ಮೊದಲ ಸಲ ನಗು ಬಂತು.

ಹೊಸ ಬ್ಯಾಟರಿ ಕೂತ ಮೇಲೆ ಅಂಚೆಯಮ್ಮ ದಾರಿ ಹುಡುಕಲು ಹೊರಟಳು. ಚೂಟಿ ಶಾಲೆಯಲ್ಲಿರುವ ಹೊತ್ತು. ಹಿಂದೆ ಸಾಮಾನಿನ ಚೀಲ ಹಿಡಿದು, ಬೇಕರಿಯ ಊಟದ ಬಿಡುವಿನಲ್ಲಿ ಬಂದ ಸೊಸೆ; ಓಡಾಟ ಮುಗಿದರೆ ಕೀಲಿ ಅವಳ ಕೈಗೆ. ಕಾಲಿಗೆ ಗೊತ್ತಿದ್ದ ಬೀದಿ ಚಕ್ರಕ್ಕೆ ಬೇರೆಯೇ ಆಗಿ ಕಂಡಿತು. ನಡೆಯುವಾಗ ಲೆಕ್ಕಕ್ಕೇ ಇಲ್ಲದ ಚಪ್ಪಡಿಯ ಬಿರುಕು ಈಗ ಹೊಂಡ. ಎಂದೂ ಕಣ್ಣಿಗೆ ಬೀಳದ ವಾಲು ಈಗ ಬೆಟ್ಟ. ಹತ್ತಿರದ ದಾರಿಯಲ್ಲಿ ಎರಡು ಕೆಟ್ಟ ಅಂಚುಗಳಿದ್ದವು. ಬಟ್ಟೆ ಅಂಗಡಿಗಳ ಹಿಂದಿನ ದಾರಿ ಸುತ್ತು, ಆದರೆ ಪ್ರತಿ ತಿರುವಿನಲ್ಲೂ ಸರಿಯಾದ ಇಳಿಜಾರಿತ್ತು. ದೊಡ್ಡ ರಸ್ತೆ ದಾಟಲು ಸಿಗ್ನಲ್ ದೀಪವಿತ್ತು. ತರಕಾರಿ ಅಂಗಡಿಯ ಮುಂದೆ ನಿಂತಾಗ ಆಕೆಯ ಕೈಚೀಲದ ಹಿಡಿಕೆ ಹ್ಯಾಂಡಲಿಗೆ ಸಿಕ್ಕಿ ಗಾಡಿ ಒಂದು ಗೇಣು ಮುಂದೆ ಜಿಗಿಯಿತು. ಬೀನ್ಸಿನ ಬುಟ್ಟಿಗೆ ಕೂದಲೆಳೆಯಲ್ಲಿ ತಪ್ಪಿತು.

"ನಿಂತ ತಕ್ಷಣ ಕೀಲಿ," ಎಂದಳು ಸೊಸೆ ಹಿಂದಿನಿಂದ. "ಮೆಕ್ಯಾನಿಕ್ ಹೇಳಿದ್ರಲ್ಲ."

"ಹೂಂ. ನಿಂತ ತಕ್ಷಣ ಕೀಲಿ," ಎಂದು ಆಕೆ ಆರಿಸಿದಳು.

ಮಗ ಮಾತ್ರ ಬಗ್ಗಲಿಲ್ಲ. ಕಡೆಗೆ ಸೊಸೆಯೇ ಒಂದು ಸಂಜೆ ತಟ್ಟೆ ತೊಳೆಯುತ್ತಾ ಹೇಳಿದಳು, "ಬೇಡ ಬೇಡ ಅಂತೀರಿ. ಯಾಕೆ ಬೇಡ ಅಂತ ಅವರಿಗೆ ತೋರಿಸಿ. ನಿಮ್ಮ ಕಣ್ಣಿಗೆ ಕಾಣೋದು ಅವರಿಗೆ ಹೇಗೆ ಕಾಣಬೇಕು?"

ವಾರದ ರಜೆಯ ದಿನ ಅವನು ತಾಯಿಯನ್ನು ಡಿಪೋಗೆ ಕರೆದುಕೊಂಡು ಹೋದ. ನಾಲ್ಕು ಬೀದಿ ಆಚೆ. ಆಕೆ ಗಾಡಿಯಲ್ಲಿ, ಅವನು ಕೈಕಟ್ಟಿಕೊಂಡು ಹಿಂದೆ. ಡಿಪೋದ ಅಂಗಳದಲ್ಲಿ ನಿಂತಿದ್ದ ಖಾಲಿ ಬಸ್ಸಿನ ಡ್ರೈವರ್ ಸೀಟಿಗೆ ಅವನೂ ಒಬ್ಬ ಕಂಡಕ್ಟರೂ ಸೇರಿ ಆಕೆಯನ್ನು ಹತ್ತಿಸಿದರು. ಮೂರು ಮೆಟ್ಟಿಲಿಗೆ ಮೂರು ಸಲ ಉಸಿರು ಹಿಡಿಯಬೇಕಾಯಿತು. ಆಮೇಲೆ ಮಗ ಕೆಳಗಿಳಿದು ತಾನೇ ಗಾಡಿಯಲ್ಲಿ ಕೂತು ಬಸ್ಸಿನ ಮುಂದೆ ಬಂದು ನಿಂತ.

"ಕಾಣ್ತೀನಾ?" ಅವನ ದನಿ ಬಂತು.

ದೊಡ್ಡ ಗಾಜಿನ ತುಂಬ ಅಂಗಳ, ದೂರದ ಗೋಡೆ, ಆಕಾಶ. ಮಗ ಇರಲಿಲ್ಲ.

"ಇಲ್ಲ."

ಅವನು ಬಾಗಿಲ ಕಡೆಗೆ ಬಂದ. "ಈಗ?"

ಆಕೆ ಕನ್ನಡಿಯಲ್ಲಿ ನೋಡಿದಳು, ಕತ್ತು ಚಾಚಿ ನೋಡಿದಳು. "ಇಲ್ಲ ಕಣೋ. ಎಲ್ಲಿದೀಯ?"

"ನಿನ್ನ ಚಕ್ರದ ಪಕ್ಕದಲ್ಲೇ."

ಆಕೆಯ ಕೈ ತಾನಾಗಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿಯಿತು. ಇಷ್ಟು ದಿನ ಅವನು ಬರೀ ಹಟಕ್ಕೆ ಹೇಳುತ್ತಾನೆ ಅಂದುಕೊಂಡಿದ್ದಳು. ಅವನು ದಿನಾ ಎಂಟು ಗಂಟೆ ಈ ಸೀಟಿನಲ್ಲಿ ಕೂತು, ಕಾಣದ ಯಾರೋ ಕೆಳಗಿರಬಹುದು ಎಂಬ ಭಯವನ್ನು ಹೊತ್ತು ತಿರುಗುತ್ತಿದ್ದ.

"ಹಿಂದೆ ಸರೀತಾ ಹೋಗು," ಎಂದು ಕೂಗಿದಳು. "ಕಂಡಾಗ ಹೇಳ್ತೀನಿ."

ಅವನು ಹಿಂದೆ ಸರಿದ. ಮೊದಲು ಕೂದಲು ಕಂಡಿತು, ಆಮೇಲೆ ಹಣೆ, ಆಮೇಲೆ ಗಂಟಿಕ್ಕಿದ ಹುಬ್ಬು. "ಅಲ್ಲೇ ನಿಲ್ಲು. ಅಲ್ಲಿ ಕಾಣ್ತೀಯ." ಆ ಜಾಗಕ್ಕೆ ಕಂಡಕ್ಟರ್ ಸುಣ್ಣದ ಗೆರೆ ಎಳೆದ. ಬಸ್ಸಿನ ಮೂತಿಯಿಂದ ಆ ಗೆರೆ ಎಷ್ಟು ದೂರವಿದೆ ಅಂತ ಆಕೆ ಬಹಳ ಹೊತ್ತು ನೋಡಿದಳು.

ತೋರಿಸುವುದನ್ನು ತೋರಿಸಿ ಆಗಿತ್ತು. ಮಗ ಠೀವಿಯಿಂದ ಗಾಡಿ ತಿರುಗಿಸಲು ಹೋದ. ವೇಗದ ಗುಂಡಿ ಮೊಲದ ಕಡೆಗಿದ್ದುದನ್ನು ನೋಡಲಿಲ್ಲ. ಗಾಡಿ ಗಿರ್ರನೆ ತಿರುಗಿ ಮೂಲೆಯಲ್ಲಿ ಪೇರಿಸಿದ್ದ ಹಳೆಯ ಟೈರುಗಳ ರಾಶಿಗೆ ಹೋಗಿ ಮೂತಿ ಹೊಡೆಯಿತು. ಎರಡು ಟೈರು ಉರುಳಿ ಅವನ ಮಡಿಲಿಗೆ ಬಂದವು. ಚಹಾ ಕುಡಿಯುತ್ತಿದ್ದ ಡ್ರೈವರುಗಳೆಲ್ಲ ಲೋಟ ಕೆಳಗಿಟ್ಟು ನಕ್ಕರು.

"ಇದು ಇಷ್ಟು ಬೇಗ ತಿರುಗುತ್ತೆ ಅಂತ ಗೊತ್ತಿರ್ಲಿಲ್ಲ," ಎಂದ ಅವನು ಕೆಂಪಗಾಗಿ.

"ನಂಗೂ ಗೊತ್ತಿರ್ಲಿಲ್ಲ ಮಗಾ," ಎಂದಳು ತಾಯಿ ಮೇಲಿಂದ.

ಇಬ್ಬರಿಗೂ ಒಟ್ಟಿಗೆ ನಗು ಬಂತು. ವಾಪಸು ಬರುವಾಗ ಅವನು ಹಿಂದೆ ನಡೆಯಲಿಲ್ಲ, ಪಕ್ಕದಲ್ಲಿ ನಡೆದ. ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದನೆಯ ತೆಳು ಕಂಬಿಯೊಂದನ್ನು ಕೊಂಡು, ಅದರ ತುದಿಗೆ ಕಿತ್ತಳೆ ಬಣ್ಣದ ಬಾವುಟ ಸಿಕ್ಕಿಸಿ, ಸೀಟಿನ ಹಿಂದೆ ನಿಲ್ಲಿಸಿದ. ಚಾರ್ಜರನ್ನು ಬಾಗಿಲ ಓಣಿಯಿಂದ ಕಿತ್ತು, ಸೂರಿರುವ ಹಿಂದಿನ ಜಗಲಿಗೆ ಎತ್ತರದಲ್ಲಿ ಕೂರಿಸಿದ. ಕಡೆಗೆ ಕೀಲಿಯನ್ನು ತಾಯಿಯ ಅಂಗೈಗೆ ಹಾಕಿ, "ನಿಂತ ಬಸ್ಸಿನ ಮುಂದೆ ಮಾತ್ರ ದಾಟಬೇಡ. ನನ್ನದೇ ಆದ್ರೂ ದಾಟಬೇಡ," ಎಂದ.

ಒಂಬತ್ತನೇ ದಿನ ಸೊಸೆ ಯಜಮಾನನಿಗೆ ಹೂಂ ಅಂದಳು.

ಹೊಸ ತಿಂಗಳಿಂದ ಮನೆಯ ಬೆಳಗು ಬದಲಾಯಿತು. ನಾಲ್ಕೂಮುಕ್ಕಾಲಿಗೆ ಸೊಸೆಯ ಚಪ್ಪಲಿ ಸದ್ದು, ಐದೂವರೆಗೆ ಮಗನದು. ಏಳಕ್ಕೆ ಚೂಟಿ ಮೊಟ್ಟೆಯ ಮುಂದೆ ತೂಕಡಿಸುವಳು. ಎಂಟೂಕಾಲಿಗೆ ಅಂಚೆಯಮ್ಮ ಹಸಿರು ದೀಪ ನೋಡಿ, ಚಾರ್ಜರ್ ತೆಗೆದು, ನಾಲ್ಕೂ ಟೈರು ಒತ್ತಿ, ಹಾರ್ನ್ ಒಂದು ಸಲ ಬಾರಿಸುವಳು. ಎಂಟೂವರೆಗೆ ಕಿತ್ತಳೆ ಬಾವುಟ ಬಟ್ಟೆ ಅಂಗಡಿಗಳ ಹಿಂದೆ ಹಾದುಹೋಗುವುದು. ಸುತ್ತು ದಾರಿಗೆ ಹೆಚ್ಚು ಸಮಯ ಬೇಕಿತ್ತು, ಆದ್ದರಿಂದ ಬೇಗ ಹೊರಡುವುದೇ ರೂಢಿಯಾಯಿತು. ಸೊಸೆಯ ಒಲೆಯಿಂದ ಮೊದಲ ಸಲ ಹೊರಬಂದ ಬ್ರೆಡ್ಡಿನ ತಳ ಸೀದಿತ್ತು, ಎರಡನೇ ವಾರದ್ದು ಸೀಯಲಿಲ್ಲ. ಪ್ರತಿ ಸಂಜೆ ಮಗ ಬಂದವನೇ, "ಏನೂ ಆಗ್ಲಿಲ್ವಾ?" ಎಂದು ಕೇಳುವನು. "ಆಗ್ಲಿಲ್ಲ," ಎಂದು ಆಕೆ ಹೇಳುವಳು. ಕೇಳುವುದನ್ನು ಅವನು ಬಿಡಲಿಲ್ಲ.

ಹೀಗೆ ಆರು ವಾರ ಕಳೆಯಿತು. ಒಂದು ದಿನ ಅಂಚೆಯಮ್ಮ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಸಂಜೆಗೆ ಬಂದಳು. ಬಂದು ಗಾಡಿಯನ್ನು ಚಾರ್ಜಿಗೆ ಹಾಕಿದ ಕಾಲು ಗಂಟೆಗೆ ಕರೆಂಟು ಹೋಯಿತು, ಬೆಳಗಾದರೂ ಬರಲಿಲ್ಲ. ಎಂಟೂಕಾಲಿಗೆ ಕೀಲಿ ತಿರುಗಿಸಿದರೆ ಚಾರ್ಜು ತೋರಿಸುವ ಐದು ಗೆರೆಗಳಲ್ಲಿ ಎರಡೇ ಉಳಿದಿದ್ದವು. ಹೊರಗೆ ಸಣ್ಣ ಮಳೆ ಬೇರೆ ಹಿಡಿದಿತ್ತು.

"ಎರಡು ಗೆರೆ ಇದೆಯಲ್ಲ ಅಜ್ಜಿ. ಹೋಗಬಹುದು," ಎಂದಳು ಚೂಟಿ.

"ಹೋಗಬಹುದು. ವಾಪಸು ಬರೋದು ಗೊತ್ತಿಲ್ಲ. ದೊಡ್ಡ ರಸ್ತೆ ಮಧ್ಯೆ ಕೈಕೊಟ್ರೆ ನನ್ನನ್ನ ತಳ್ಳೋರು ಯಾರು, ನೀನಾ?"

"ಹಾಗಾದ್ರೆ ನಾನು ಒಬ್ಬಳೇ ಹೋಗ್ತೀನಿ."

"ಅದೂ ಆಗಲ್ಲ."

ಆಕೆ ಕೀಲಿ ಆರಿಸಿ ಬೇಕರಿಗೆ ಫೋನ್ ಮಾಡಿದಳು. "ಇವತ್ತು ಗಾಡಿ ತೆಗೆಯಲ್ಲ ಕಣಮ್ಮ. ಚಾರ್ಜಿಲ್ಲ. ಏನಾದ್ರೂ ಮಾಡೋಕಾಗುತ್ತಾ?"

ಆಚೆಯಿಂದ ಸ್ವಲ್ಪ ಹೊತ್ತು ತಟ್ಟೆಗಳ ಸದ್ದು. ಒಲೆ ಬಿಟ್ಟು ಬರುವುದು ಎಂದರೆ ಏನೆಂದು ಅಂಚೆಯಮ್ಮನಿಗೆ ಗೊತ್ತಿತ್ತು. ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡಳು.

"ಹಿಟ್ಟು ಉಬ್ಬೋಕೆ ಇಟ್ಟಿದೀನಿ," ಎಂದ ಸೊಸೆಯ ದನಿಯಲ್ಲಿ ಅವಸರವಿತ್ತು, ಕೋಪವಿರಲಿಲ್ಲ. "ನಲವತ್ತು ನಿಮಿಷ ಇದೆ. ಬರ್ತೀನಿ. ಅವಳಿಗೆ ಕೊಡೆ ಕೊಟ್ಟು ಗೇಟಲ್ಲಿ ನಿಲ್ಲಿಸಿ."

ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡ ಸೊಸೆ ಬಂದು ಮಗಳ ಕೈ ಹಿಡಿದಳು. ಎರಡು ಹೆಜ್ಜೆ ಹೋದವಳು ತಿರುಗಿ, "ಹೋಗದೆ ಇದ್ದಿದ್ದು ಒಳ್ಳೇದಾಯ್ತು ಅತ್ತೆ," ಎಂದಳು. ಅಮ್ಮ ಮಗಳು ಒಂದೇ ಕೊಡೆಯಡಿ ಓಡಿದರು.

ಸಂಜೆ ಮಗ ಬಂದಾಗ ಸೊಸೆ ನಡೆದದ್ದನ್ನು ಹೇಳಿದಳು. ಅವನು ಕೈ ತೊಳೆದುಕೊಂಡು, ಆಲೂಗಡ್ಡೆ ಬಡಿಸಿಕೊಂಡು, ಅರ್ಧ ತಟ್ಟೆ ಖಾಲಿ ಮಾಡಿದ. ದಿನದ ಪ್ರಶ್ನೆಯನ್ನು ಕೇಳಲಿಲ್ಲ.

"ಅಮ್ಮ, ನಮ್ಮ ಡಿಪೋ ಕಂಡಕ್ಟರ್ ಇದಾನಲ್ಲ, ಅವತ್ತು ಗೆರೆ ಎಳೆದೋನು. ಅವರ ಮಾವನಿಗೂ ಇಂಥದೇ ಗಾಡಿ ತರ್ತಿದಾರೆ. ಯಾರ ಮಾತೂ ಕೇಳಲ್ವಂತೆ ಮನುಷ್ಯ. ನಿನ್ನ ಹತ್ರ ಕಳಿಸ್ಲಾ ಅಂತ ಕೇಳ್ದ."

"ನನ್ನ ಹತ್ರ ಯಾಕೆ? ಡ್ರೈವರ್ ನೀನು."

"ನಾನು ಟೈರಿಗೆ ಗುದ್ದಿದ್ದನ್ನ ಅವನು ನೋಡಿದಾನೆ. ಕಳಿಸು ಅಂದಿದೀನಿ."

ಭಾನುವಾರ ಬೆಳಿಗ್ಗೆ ಆ ಹಿರಿಯರು ಬಂದರು. ದೊಡ್ಡ ಮೀಸೆಯ, ಅಗಲ ಭುಜದ ಆಳು. ಎರಡೂ ಕಾಲಿನಲ್ಲಿ ಬಲ ಕಡಿಮೆ. ಅಳಿಯ ಹೊಚ್ಚಹೊಸ ಗಾಡಿಯನ್ನು ಗೇಟಿನ ಮುಂದೆ ನಿಲ್ಲಿಸುವಷ್ಟರಲ್ಲೇ ಹತ್ತಿ ಕೂತು ಕೀಲಿ ತಿರುಗಿಸಿ, ವೇಗದ ಗುಂಡಿಯನ್ನು ಪೂರ್ತಿ ಮೊಲಕ್ಕೆ ಹಾಕಿದ್ದರು. ಅಂಚೆಯಮ್ಮ ಗೇಟಿನ ಕಂಬ ಹಿಡಿದು ಅವರ ಮುಂದೆ ನಿಂತಳು.

"ಮೊದಲು ಇಳೀರಿ."

"ಇಳಿಯೋದಾ? ಓಡಿಸೋಕೆ ಕಲಿಸ್ತೀರ ಅಂದ್ರು."

"ಟೈರು ಒತ್ತಿ ನೋಡಬೇಕು. ಅಲ್ಲಿಂದ ಶುರು."

"ನೋಡಿ ಅಮ್ಮ," ಹಿರಿಯರು ಮೀಸೆ ತಿರುವಿದರು, "ನಲವತ್ತು ವರ್ಷ ಲಾರಿ ಓಡಿಸಿದ ಕೈ ಇದು. ಬೆಟ್ಟ ಇಳಿಸಿದೀನಿ, ನದಿ ದಾಟಿಸಿದೀನಿ. ಈ ಆಟಿಕೆಯಲ್ಲಿ ನಂಗೆ ಗೊತ್ತಿಲ್ಲದ್ದು ಏನಿದೆ?"

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದಳು ಅಂಚೆಯಮ್ಮ. "ಕೀಲಿ ಆರಿಸಿ ಇಳೀರಿ."

ಹಿರಿಯರು ಅಳಿಯನ ಕಡೆ ನೋಡಿದರು. ಅಳಿಯ ಆಕಾಶ ನೋಡಿದ. ಕೀಲಿ ಆರಿಸಿ, ಅವನ ಭುಜ ಹಿಡಿದು, ಅವರು ಇಳಿದರು.